ಕಾರಾಪುರದ ಸಾಬು: ಮರೆತುಹೋದ ಬಾಲನಟನೊಬ್ಬನ ವಿಚಾರ

ಮೈಸೂರು ಸಂಸ್ಥಾನದ ಕಾಡಂಚಿನ ಹಳ್ಳಿಯಾದ ಕಾರಾಪುರದಲ್ಲಿ ೧೯೨೪ನೆಯ ಇಸವಿ ಜನವರಿ ೨೭ರಂದು ಹುಟ್ಟಿ, ೧೯೬೩ನೆಯ ಇಸವಿ ಡಿಸೆಂಬರ್ ೨ರಂದು ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ಸಾಬು ಎಂಬ ನಟನ ಹೆಸರು ಇಂದು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಲ್ಲ. ಮೌಗ್ಲಿಯನ್ನು ಅವರೆಲ್ಲರೂ ಬಲ್ಲರು. ಆದರೆ ಅವರು ಬಲ್ಲ ಮೌಗ್ಲಿ ಚಿತ್ರಕಾರರು ಬರೆದ ಗೊಂಬೆ. ತೆರೆಯ ಮೇಲೆ ರಕ್ತಮಾಂಸಗಳಿಂದ ಕೂಡಿದ ಮೌಗ್ಲಿಯಾಗಿ ೧೯೪೨ರಲ್ಲಿ ಜಗತ್ತಿಗೆ ಕಾಣಿಸಿಕೊಂಡವನು ಹೆಗ್ಗಡದೇವನಕೋಟೆಯ ಕಡೆಯ ಒಬ್ಬ ಮಾವುತನ ಮಗ ಎಂಬ ಸಂಗತಿಯನ್ನು ತಿಳಿಸಿದರೆ ತರಗತಿಯಲ್ಲಿ ಮೊದಲು ಹುಟ್ಟುವುದು ಅಪನಂಬಿಕೆ. ಹಾಲಿವುಡ್ಡಿನಲ್ಲಿ ತಾರಾಪದವಿಗೇರಿದ ಮೊದಲ ಭಾರತೀಯ ನಟನು ಇವನೇ.

ಬಾಲನಟರು ಮರೆವಿಗೆ ಸಲ್ಲುವುದು ಹೊಸದೇನೂ ಅಲ್ಲ. ಆದರೆ ಸಾಬುವಿನ ಮರೆವು ಎಲ್ಲರ ಮರೆವಿನಂಥದಲ್ಲ ಎಂಬುದು ನಮ್ಮ ಅಭಿಪ್ರಾಯ. ಮಗುವಾಗಿದ್ದಷ್ಟು ಕಾಲ ಅವನಿಗೆ ತೆರೆಯ ಮೇಲೆ ರಾಜಮರ್ಯಾದೆಯಿದ್ದಿತು; ಅವನು ಪ್ರಾಯಕ್ಕೆ ಬಂದೊಡನೆ ಅವನಂಥವನಿಗೆ ಅಲ್ಲಿ ವೇಷವೇ ಇಲ್ಲದೆ ಹೋಯಿತು. ಇದು ಆತನೊಬ್ಬನ ದುರದೃಷ್ಟವಲ್ಲ, ಆ ಕಾಲದ ಸಾಮ್ರಾಜ್ಯವು ತನ್ನ ಪ್ರಜೆಗಳನ್ನು ಕಂಡ ರೀತಿಗೆ ಸೇರಿದ ವಿಷಯ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಕಾಲೇಜುಗಳಲ್ಲಿ ಆಧುನಿಕ ಭಾರತದ ಇತಿಹಾಸವನ್ನು ಬೋಧಿಸುವವರಿಗೆ ಈ ಒಂದು ಜೀವನವು ಎಷ್ಟು ಸಾಮಗ್ರಿಯನ್ನು ಒದಗಿಸಬಲ್ಲುದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ಊರಿನ ವಿಚಾರ. ಕಾರಾಪುರವು ಕಬಿನಿ ನದಿಯ ಆಸುಪಾಸಿನ ಊರು. ಅದರ ಹಿಂದೆ ಕಾಕನಕೋಟೆಯ ಅರಣ್ಯ. ಮೈಸೂರಿನ ಆನೆ ಹಿಡಿಯುವ ಖೆಡ್ಡಾ ಕಾರ್ಯಾಚರಣೆಗಳು ಹೆಸರುವಾಸಿಯಾದದ್ದು ಈ ಕಾಡುಗಳಿಂದಲೇ. ಸಂಸ್ಥಾನದಲ್ಲಿ ಈ ಪದ್ಧತಿಯನ್ನು ನೆಲೆಗೊಳಿಸಿದವನು ಜಿ. ಪಿ. ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ. ೧೮೭೩-೭೪ರ ಸುಮಾರಿಗೆ ಅವನ ಪ್ರಯತ್ನಗಳು ಆರಂಭವಾದುವು. ಹಿಂಡನ್ನು ನೂರಾರು ಜನ ತಮಟೆ, ಪಂಜು, ಬೊಬ್ಬೆಗಳಿಂದ ದಿನಗಟ್ಟಲೆ ಮೆಲ್ಲಮೆಲ್ಲನೆ ಒತ್ತಿಕೊಂಡು ಬಂದು, ನದಿಯನ್ನು ದಾಟಿಸಿ, ಮರದ ದಿಮ್ಮಿಗಳ ಭದ್ರವಾದ ಆವರಣದೊಳಕ್ಕೆ ಹೊಗಿಸುತ್ತಿದ್ದರು. ಅಲ್ಲಿಂದ ಮುಂದಿನ ಕೆಲಸ ಪಳಗಿದ ಆನೆಗಳದು ಮತ್ತು ಅವುಗಳ ಮಾವುತರದು. ಕಾಡಾನೆಯ ಎರಡು ಪಕ್ಕಕ್ಕೂ ಪಳಗಿದ ಆನೆಗಳನ್ನು ಒತ್ತಿ ನಿಲ್ಲಿಸಿ, ಆ ಗೋಡೆಯ ಮರೆಯಲ್ಲಿ ಇಳಿದು, ಹಿಂಗಾಲಿಗೆ ಹಗ್ಗ ಬಿಗಿಯುವುದು. ಕೈತಪ್ಪಿದರೆ ಪ್ರಾಣವೇ ಹೋಗುವ ಕೆಲಸ. ಗವರ್ನರ್ ಜನರಲ್‌ಗಳೂ ಇಂಗ್ಲೆಂಡಿನ ರಾಜಕುಮಾರರೂ ಕಟ್ಟಿದ ಅಟ್ಟಣೆಗಳ ಮೇಲೆ ಕುಳಿತು ಇದನ್ನು ವಿನೋದವಾಗಿ ನೋಡಿದರು. ಅವರ ಭೇಟಿಯ ವರ್ಣನೆಗಳು ಗ್ರಂಥಗಳಲ್ಲಿ ಹೇರಳವಾಗಿವೆ. ಹಗ್ಗ ಬಿಗಿದ ಕೈಗಳ ಹೆಸರು ಮಾತ್ರ ಅಪರೂಪ.

ಇಲ್ಲಿ ಒಂದು ಮಾತು. ಕಾಡಾನೆಯನ್ನು ಅಂಕೆಯಲ್ಲಿಡಲು ನೆರವಾಗುವ ಪಳಗಿದ ಆನೆಗೆ ‘ಕುಮ್ಕಿ’ ಎಂದು ಹೆಸರು. ನಮ್ಮ ಜಿಲ್ಲೆಯ ಓದುಗರಿಗೆ ಈ ಪದ ಬೇರೊಂದು ಅರ್ಥದಲ್ಲಿ ಚಿರಪರಿಚಿತ: ವರ್ಗ ಜಮೀನಿನ ಅಂಚಿನಿಂದ ನೂರು ಗಜದೊಳಗೆ ಇರುವ, ಸೊಪ್ಪು ಸೌದೆಗೆ ಒದಗುವ ಸರಕಾರಿ ಜಾಗವೇ ಕುಮ್ಕಿ. ಎರಡೂ ಒಂದೇ ಮೂಲದವು. ನೆರವು ಎಂಬ ಅರ್ಥದ ಪಾರಸಿ ಶಬ್ದದಿಂದ ಎರಡೂ ಬಂದಿವೆ. ಕನ್ನಡದ ‘ಕುಮ್ಮಕ್ಕು’ ಕೂಡ ಅದೇ. ಒಂದು ಕಡೆ ಆನೆಗೆ ಆನೆಯ ನೆರವು, ಇನ್ನೊಂದು ಕಡೆ ಗದ್ದೆಗೆ ಕಾಡಿನ ನೆರವು. ಕಾರ್ಕಳದ ವಿದ್ಯಾರ್ಥಿಗೆ ಖೆಡ್ಡಾವನ್ನು ವಿವರಿಸಲು ಇದಕ್ಕಿಂತ ಹತ್ತಿರದ ದಾರಿ ಇಲ್ಲವೆಂದು ತೋರುತ್ತದೆ.

ಸಾಬುವಿನ ತಂದೆ ಇಂಥ ಮಾವುತರಲ್ಲಿ ಒಬ್ಬ. ಮೈಸೂರಿನ ಮಾವುತರಲ್ಲಿ ಅನೇಕರು ಮುಸಲ್ಮಾನರು. ಅವರ ಸಂಗಡ ಆನೆಗಳ ಚಾಕರಿ ಮಾಡುವ ಕಾವಾಡಿಗಳಲ್ಲಿ ಜೇನುಕುರುಬರು ಬಹುಮಂದಿ. ಬೈಠ್ ಎಂದರೆ ಆನೆ ಕೂರುವುದು. ಇಂಥ ಹಿಂದುಸ್ತಾನಿ ಆಜ್ಞೆಗಳು ಕನ್ನಡನಾಡಿನ ಕಾಡಿನಲ್ಲಿ ತಲೆಮಾರುಗಳಿಂದ ಕೇಳಿಬಂದಿವೆ. ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿದ್ದಿತು. ಕಿವಿಯ ಹಿಂದೆ ಕಾಲ್ಬೆರಳನ್ನು ಎಲ್ಲಿ ಒತ್ತಿದರೆ ಆನೆ ಯಾವ ಕಡೆಗೆ ತಿರುಗುವುದು, ಸೊಂಡಿಲಿನ ಮೇಲೆ ಹೆಜ್ಜೆಯಿಟ್ಟು ಹತ್ತುವುದು ಹೇಗೆ, ಮೈತೊಳೆಯುವಾಗ ಯಾವ ಭಾಗವನ್ನು ಹುಷಾರಾಗಿ ಉಜ್ಜಬೇಕು, ಇವು ಎಂಟು ಹತ್ತು ವರ್ಷದ ಮಗುವಿಗೆ ಅಕ್ಷರಾಭ್ಯಾಸಕ್ಕೆ ಮೊದಲೇ ತಿಳಿದುಹೋಗುತ್ತಿದ್ದುವು. ಸಾಬು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಅಣ್ಣನೂ ಅವನೂ ಅರಮನೆಯ ಆನೆಲಾಯದ ಆಶ್ರಯದಲ್ಲಿ ಬೆಳೆದರು.

ಈ ಹುಡುಗನಿಗೂ ಚಲಚ್ಚಿತ್ರಕ್ಕೂ ಸಂಬಂಧ ಬಂದದ್ದು ೧೯೩೫ರಲ್ಲಿ. ರುಡ್ಯಾರ್ಡ್ ಕಿಪ್ಲಿಂಗನು ೧೮೯೪ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ ಸಂಕಲನದಲ್ಲಿ ತೂಮಾಯಿ ಎಂಬ ಮಾವುತ ಹುಡುಗನ ಕಥೆಯೊಂದಿದೆ. ಕಥೆ ನಡೆಯುವುದು ಅಸ್ಸಾಮಿನ ಕಡೆಯ ಗಾರೋ ಬೆಟ್ಟಗಳಲ್ಲಿ. ಅದರಲ್ಲಿ ಖೆಡ್ಡಾದ ಮುಖ್ಯಾಧಿಕಾರಿಯಾಗಿ ಬರುವ ಪೀಟರ್ಸನ್ ಸಾಹೇಬನಿಗೆ ಮೈಸೂರಿನ ಸ್ಯಾಂಡರ್‌ಸನ್ನನೇ ಮಾದರಿಯೆಂದು ಕಿಪ್ಲಿಂಗ್ ಸಾಹಿತ್ಯವನ್ನು ಅಭ್ಯಾಸಮಾಡಿದವರು ಹೇಳುತ್ತಾರೆ. ಸ್ಯಾಂಡರ್‌ಸನ್ನನು ಕೆಲಕಾಲ ಬಂಗಾಳದ ಖೆಡ್ಡಾಗಳನ್ನೂ ನೋಡಿಕೊಂಡಿದ್ದನಷ್ಟೆ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಈ ಕಥೆಯನ್ನು ಚಿತ್ರವಾಗಿಸಲು ನಿಶ್ಚಯಿಸಿ ರಾಬರ್ಟ್ ಫ್ಲಾಹರ್ಟಿಯನ್ನು ಮೈಸೂರಿಗೆ ಕಳುಹಿಸಿದನು. ಉತ್ತರ ಧ್ರುವದ ಸಮೀಪದ ಜನಜೀವನವನ್ನು ಕುರಿತ ‘ನ್ಯಾನೂಕ್’ ಎಂಬ ಚಿತ್ರದಿಂದ ೧೯೨೨ರಲ್ಲಿಯೇ ವಿಶ್ವಖ್ಯಾತಿ ಪಡೆದಿದ್ದ ಫ್ಲಾಹರ್ಟಿ, ವೃತ್ತಿನಟರನ್ನು ದೂರವಿಟ್ಟು ಸ್ಥಳೀಯರಿಂದಲೇ ಅಭಿನಯ ಮಾಡಿಸುವ ಪದ್ಧತಿಯವನು. ಅವನ ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಡೈಲನ ಕಣ್ಣಿಗೆ ಅರಮನೆಯ ಆನೆಲಾಯದಲ್ಲಿ ಬಿದ್ದವನು ಹನ್ನೊಂದು ವರ್ಷದ ಸಾಬು. ನಟನಾಗಲು ಅವನಿಗಿದ್ದ ಅರ್ಹತೆ ಒಂದೇ: ಅವನು ಕಥೆಯ ಹುಡುಗನೇ ಆಗಿದ್ದನು.

ಆ ಹೊತ್ತಿಗೆ ಕನ್ನಡದ ವಾಕ್ಚಿತ್ರ ಹುಟ್ಟಿ ಒಂದು ವರ್ಷವಷ್ಟೇ ಆಗಿದ್ದಿತು. ‘ಸತಿ ಸುಲೋಚನಾ’ ೧೯೩೪ರ ಮಾರ್ಚಿನಲ್ಲಿ ತೆರೆಕಂಡಿತು. ಅದೇ ವರ್ಷ ಬಂದ ‘ಭಕ್ತ ಧ್ರುವ’ದ ನಾಯಕನೂ ಒಬ್ಬ ಬಾಲಕನೇ. ಆದರೆ ಈ ಚಿತ್ರಗಳು ನಾಟಕ ಕಂಪನಿಗಳ ಸಂಪ್ರದಾಯದಿಂದ ಬಂದವು. ಸಾಬುವಿನ ದಾರಿ ರಂಗಭೂಮಿಯಿಂದಲ್ಲ, ಲಾಯದಿಂದ ಹೊರಟದ್ದು. ಆದುದರಿಂದ ಕನ್ನಡ ಚಿತ್ರಚರಿತ್ರೆಯ ಮೊದಲ ಅಧ್ಯಾಯವನ್ನು ಬರೆಯುವವರ ದಾರಿಯಲ್ಲಿ ಅವನು ಎದುರಾಗುವುದೇ ಇಲ್ಲ.

ಫ್ಲಾಹರ್ಟಿಯ ತಂಡ ತಿಂಗಳುಗಟ್ಟಲೆ ಮೈಸೂರಿನಲ್ಲಿ ನಿಂತಿತು. ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ಆನೆಗಳನ್ನೂ ಅನುಕೂಲಗಳನ್ನೂ ಒದಗಿಸಿತು. ಕಥೆಯ ಕಾಲಾನಾಗನ ಪಾತ್ರವನ್ನು ವಹಿಸಿದ್ದು ಐರಾವತವೆಂಬ ಆನೆ. ಖೆಡ್ಡಾದ ದೃಶ್ಯಗಳನ್ನು ಇಲ್ಲಿಯೇ ತೆಗೆದರು. ಅನಂತರ ಕೋರ್ಡಾ ತನ್ನ ತಮ್ಮನಾದ ಜೋಲ್ಟಾನ್ ಕೋರ್ಡಾನನ್ನು ನೇಮಿಸಿ, ಸಂಭಾಷಣೆಯುಳ್ಳ ಭಾಗಗಳನ್ನು ಇಂಗ್ಲೆಂಡಿನ ಡೆನ್ಹಮ್ ಸ್ಟುಡಿಯೋದಲ್ಲಿ ತೆಗೆಯಿಸಿದನು. ಸಾಬುವೂ ಅವನ ಅಣ್ಣನೂ ಹಡಗು ಹತ್ತಿದರು. ‘ಎಲಿಫೆಂಟ್ ಬಾಯ್’ ಎಂಬ ಈ ಚಿತ್ರ ೧೯೩೭ರಲ್ಲಿ ಬಿಡುಗಡೆಯಾಗಿ, ಅದೇ ವರ್ಷ ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕಾಗಿ ಬಹುಮಾನ ಪಡೆಯಿತು. ಚಿತ್ರದ ಆರಂಭದಲ್ಲಿ ಬರಿಮೈಯ ಸಾಬು, ತಲೆಗೆ ರುಮಾಲು ಸುತ್ತಿ, ನೇರವಾಗಿ ಪ್ರೇಕ್ಷಕರತ್ತ ನೋಡುತ್ತ ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ ಕಥೆಯನ್ನು ಪರಿಚಯಿಸುತ್ತಾನೆ. ಮಾತು ಬಾಯಿಪಾಠದ್ದು, ಆದರೆ ನಗು ಅವನದೇ.

ಹೆಸರಿನ ಪ್ರಶ್ನೆಯೊಂದನ್ನು ಇಲ್ಲಿಯೇ ಪರಿಶೀಲಿಸುವುದು ಉಚಿತ. ಬಹುಪಾಲು ಗ್ರಂಥಗಳಲ್ಲಿ ಅವನ ಹೆಸರು ‘ಸಾಬು ದಸ್ತಗೀರ್’ ಎಂದಿದೆ. ಕಾನೂನಿನ ವ್ಯವಹಾರಗಳಲ್ಲಿಯೂ ಅವನು ಅದನ್ನೇ ಬಳಸಿದನು. ಆದರೆ ಶೇಖ್ ದಸ್ತಗೀರ್ ಎಂಬುದು ಅವನ ಅಣ್ಣನ ಸ್ವಂತ ಹೆಸರು. ಪರದೇಶದ ಕಾಗದಪತ್ರಗಳಿಗೆ ಕುಲನಾಮವೊಂದು ಬೇಕಾದಾಗ ಅಣ್ಣನ ಹೆಸರೇ ತಮ್ಮನ ಮನೆತನವಾಗಿ ಕುಳಿತುಬಿಟ್ಟಿತು. ಕುಲನಾಮದ ಪದ್ಧತಿಯಿಲ್ಲದ ದಕ್ಷಿಣದವರಿಗೆ ಈ ತೊಡಕು ಇಂದಿಗೂ ತಪ್ಪಿಲ್ಲ. ಅವನ ಮೂಲ ಹೆಸರು ಸೇಲಾರ್ ಶೇಖ್ ಸಾಬು ಎಂದಿರಬೇಕೆಂದು ಈಚಿನ ಸಂಶೋಧನೆ ಸೂಚಿಸುತ್ತದೆ. ಇನ್ನು ಉಳಿದ ‘ಸಾಬು’ ಎಂಬ ಭಾಗವಂತೂ, ಸಾಹೇಬ ಎಂಬುದರ ಛಾಯೆಯಿಂದಾಗಿ, ಕನ್ನಡದ ಕಿವಿಗೆ ವ್ಯಕ್ತಿಯೊಬ್ಬನ ಹೆಸರಿಗಿಂತ ಒಂದು ಸಮುದಾಯದವನನ್ನು ಕರೆಯುವ ಮಾತಿನಂತೆ ಕೇಳಿಸುತ್ತದೆ. ಜಗತ್ತಿಗೆ ತಾರೆಯ ಏಕೈಕ ನಾಮವಾಗಿ ಮಿಂಚಿದ ಶಬ್ದ ತವರಿನಲ್ಲಿ ಗುರುತಾಗಿ ನಿಲ್ಲಲಾರದೆ ಹೋಯಿತು.

‘ಎಲಿಫೆಂಟ್ ಬಾಯ್’ ಚಿತ್ರವನ್ನು ಇಂದು ನೋಡುವವರಿಗೆ ಒಂದು ವೈಚಿತ್ರ್ಯ ಕಣ್ಣಿಗೆ ಹೊಡೆಯುತ್ತದೆ. ಆನೆ ಮೈಸೂರಿನದು, ಕಾಡು ಮೈಸೂರಿನದು, ಹುಡುಗ ಮೈಸೂರಿನವನು. ಆದರೆ ಅವನ ತಂದೆ, ಕ್ರೂರಿಯಾದ ಮಾವುತ, ಹಿರಿಯ ಬೇಟೆಗಾರ ಮಚುವಾ ಅಪ್ಪ, ಇವರೆಲ್ಲರೂ ಮುಖಕ್ಕೆ ಕಂದುಬಣ್ಣ ಬಳಿದುಕೊಂಡ ಇಂಗ್ಲಿಷ್ ನಟರು. ಭಾರತೀಯ ಮಗುವನ್ನು ಹಾಗೆಯೇ ತೋರಿಸಬಹುದು, ಭಾರತೀಯ ಪುರುಷನನ್ನು ತೋರಿಸಲು ಬಣ್ಣ ಬಳಿದ ಬಿಳಿಯನೇ ಆಗಬೇಕು ಎಂಬ ಒಂದು ಅಲಿಖಿತ ನಿಯಮ ಇಲ್ಲಿ ಕೆಲಸಮಾಡಿದೆ. ಸಾಬುವಿನ ಮುಂದಿನ ಜೀವನವೆಲ್ಲ ಈ ನಿಯಮದ ವ್ಯಾಖ್ಯಾನವೆಂದರೆ ತಪ್ಪಾಗಲಾರದು.

ಎರಡನೆಯ ಚಿತ್ರವಾದ ‘ದಿ ಡ್ರಮ್’ ೧೯೩೮ರಲ್ಲಿ ಬಂದಿತು. ವಾಯವ್ಯ ಗಡಿಯ ಕಥೆ, ವರ್ಣಚಿತ್ರ. ಸಾಬು ಇದರಲ್ಲಿ ಅಜೀಮ್ ಎಂಬ ರಾಜಕುಮಾರ. ಬ್ರಿಟಿಷರಿಗೆ ನಿಷ್ಠನಾದ ಈ ಬಾಲಕ, ತನ್ನ ಚಿಕ್ಕಪ್ಪನು ಹೂಡಿದ ಸಂಚನ್ನು ಡೋಲಿನ ಸಂಜ್ಞೆಯಿಂದ ಇಂಗ್ಲಿಷ್ ಸೈನ್ಯಕ್ಕೆ ತಿಳಿಸಿ ಅದನ್ನು ಉಳಿಸುತ್ತಾನೆ. ಚಿಕ್ಕಪ್ಪನ ಪಾತ್ರ ಕೆನಡಾದ ರೇಮಂಡ್ ಮ್ಯಾಸಿಯದು. ಒಳ್ಳೆಯ ಭಾರತೀಯನೆಂದರೆ ಮಗು, ಬೆಳೆದ ಭಾರತೀಯನೆಂದರೆ ದ್ರೋಹಿ ಎಂಬ ಸಮೀಕರಣ ಇಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಮುಂಬಯಿಯಲ್ಲಿಯೂ ಮದರಾಸಿನಲ್ಲಿಯೂ ಈ ಚಿತ್ರದ ವಿರುದ್ಧ ಪ್ರತಿಭಟನೆಗಳಾದುವು. ಅಂದು ಎರಡೂ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಅಧಿಕಾರದಲ್ಲಿದ್ದುವೆಂಬುದನ್ನು ನೆನೆಯಬೇಕು. ನಮ್ಮ ಕರಾವಳಿ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಘಟ್ಟದ ಮೇಲಿನ ಕಾರಾಪುರ ಒಡೆಯರ ಸಂಸ್ಥಾನ. ಒಬ್ಬನೇ ಹುಡುಗನನ್ನು ಸಂಸ್ಥಾನದ ಸರಕಾರ ಆನೆ ಕೊಟ್ಟು ಕಳುಹಿಸಿತು, ಪ್ರಾಂತ್ಯದ ಜನ ಅವನ ಚಿತ್ರವನ್ನು ಧಿಕ್ಕರಿಸಿದರು. ಹದಿನಾಲ್ಕು ವರ್ಷದ ಮಗುವಿಗೆ ಇದರಲ್ಲಿ ಯಾವ ಹೊಣೆಯೂ ಇಲ್ಲ. ಆದರೂ ರಾಷ್ಟ್ರೀಯ ಭಾವನೆಯುಳ್ಳ ಪ್ರೇಕ್ಷಕರ ಮನಸ್ಸಿನಲ್ಲಿ ಅವನ ಮುಖ ಸಾಮ್ರಾಜ್ಯದ ಪ್ರಚಾರಕ್ಕೆ ಅಂಟಿಕೊಂಡಿತು. ಪ್ರೇಮ್ ಚೌಧರಿಯವರು ೨೦೦೦ದಲ್ಲಿ ಪ್ರಕಟಿಸಿದ ಸಾಮ್ರಾಜ್ಯಚಿತ್ರಗಳ ಅಧ್ಯಯನವು ಈ ಪ್ರಕರಣವನ್ನು ವಿಸ್ತಾರವಾಗಿ ಚರ್ಚಿಸಿದೆ; ಸ್ನಾತಕೋತ್ತರ ವಿದ್ಯಾರ್ಥಿಗಳು ಅದನ್ನು ಅವಶ್ಯವಾಗಿ ಓದಬೇಕು.

ಮೂರನೆಯ ಚಿತ್ರ ‘ದಿ ಥೀಫ್ ಆಫ್ ಬಾಗ್ದಾದ್’ ಅವನ ಕೀರ್ತಿಯ ಶಿಖರ. ಇಂಗ್ಲೆಂಡಿನಲ್ಲಿ ಆರಂಭವಾದ ಈ ಚಿತ್ರದ ಕೆಲಸ ಎರಡನೆಯ ಮಹಾಯುದ್ಧದ ಕಾರಣ ಹಾಲಿವುಡ್ಡಿಗೆ ಸಾಗಿತು. ಸಾಬುವೂ ಅದರೊಡನೆ ಸಾಗಿದನು. ೧೯೪೦ರಲ್ಲಿ ತೆರೆಕಂಡ ಚಿತ್ರ ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ತಂತ್ರಗಳಿಗಾಗಿ ಮೂರು ಆಸ್ಕರ್ ಬಹುಮಾನಗಳನ್ನು ಗಳಿಸಿತು. ಸೀಸೆಯಿಂದ ಹೊರಬಂದ ಭೂತದ ಎದುರು ಅಂಗೈಯಗಲದ ಹುಡುಗ ನಿಂತು ಜಾಣತನದಿಂದ ಅದನ್ನು ಮತ್ತೆ ಸೀಸೆಗೆ ಇಳಿಸುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು. ನಮಗೆ ಇದಕ್ಕಿಂತಲೂ ಮುಖ್ಯವಾದದ್ದು ಕಥೆಯ ರಚನೆ. ಇದೇ ಹೆಸರಿನ ೧೯೨೪ರ ಮೂಕಿಚಿತ್ರದಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಕಳ್ಳನೂ ಹೌದು, ರಾಜಕುಮಾರಿಯ ಕೈಹಿಡಿಯುವ ಪ್ರೇಮಿಯೂ ಹೌದು. ೧೯೪೦ರಲ್ಲಿ ಈ ಒಂದು ಪಾತ್ರವನ್ನು ಎರಡಾಗಿ ಸೀಳಿದರು. ಕಳ್ಳತನ, ಸಾಹಸ, ಚೇಷ್ಟೆಗಳೆಲ್ಲ ಸಾಬುವಿನ ಅಬು ಎಂಬ ಹುಡುಗನಿಗೆ. ಪ್ರೇಮವೂ ಸಿಂಹಾಸನವೂ ಜಾನ್ ಜಸ್ಟಿನ್ ಎಂಬ ಇಂಗ್ಲಿಷ್ ನಟನ ಅಹಮದನಿಗೆ. ಚಿತ್ರದ ಕೊನೆಯಲ್ಲಿ ರಾಜನಾದ ಅಹಮದನು ಅಬುವನ್ನು ಶಾಲೆಗೆ ಕಳುಹಿಸಿ ಮುಂದೆ ಮಂತ್ರಿಯನ್ನಾಗಿ ಮಾಡುವೆನೆನ್ನುವಾಗ, ಹುಡುಗ ಮಾಯಾಗಂಬಳಿಯ ಮೇಲೇರಿ ಹಾರಿಹೋಗುತ್ತಾನೆ. ಪ್ರೇಕ್ಷಕರು ನಕ್ಕು ಎದ್ದುಹೋದರು. ಆ ಹುಡುಗ ಬೆಳೆಯುವುದು ಕಥೆಗೆ ಬೇಕಿರಲಿಲ್ಲ.

೧೯೪೨ರ ‘ಜಂಗಲ್ ಬುಕ್’ ಕೂಡ ಹೀಗೆಯೇ ಮುಗಿಯುತ್ತದೆ: ಮೌಗ್ಲಿ ಮನುಷ್ಯರ ಊರನ್ನು ಬಿಟ್ಟು ಕಾಡಿಗೆ ಮರಳುತ್ತಾನೆ. ಸಾಬುವಿಗೆ ಆಗ ಹದಿನೆಂಟು ವರ್ಷ. ತೋಳವನ್ನು, ಹುಲಿಯನ್ನು, ಹಾವನ್ನು ಅವನು ಎದುರಿಸುವ ಬಗೆಯಲ್ಲಿ ಲಾಯದ ಶಿಕ್ಷಣ ಎದ್ದು ಕಾಣುತ್ತದೆ. ಪ್ರಾಣಿಯ ಹತ್ತಿರ ಹೋಗುವವನ ಭುಜ ಸಡಿಲವಾಗಿರಬೇಕು, ಕಣ್ಣು ಮಾತ್ರ ಎಚ್ಚರವಾಗಿರಬೇಕು. ಇದನ್ನು ಯಾವ ನಟನಾಶಾಲೆಯೂ ಕಲಿಸುವುದಿಲ್ಲ.

ಆ ಕಾಲದ ಹಾಲಿವುಡ್ಡು ಬಾಲನಟರನ್ನು ಹೇಗೆ ನಡೆಸಿಕೊಂಡಿತೆಂಬುದಕ್ಕೆ ಜಾಕಿ ಕೂಗನ್‌ನ ಪ್ರಸಂಗವೇ ಸಾಕ್ಷಿ. ಚಾಪ್ಲಿನ್‌ನ ‘ದಿ ಕಿಡ್’ ಚಿತ್ರದಲ್ಲಿ ೧೯೨೧ರಲ್ಲಿ ಜಗತ್ತನ್ನೇ ಅಳಿಸಿ ನಗಿಸಿದ ಆ ಮಗು, ದೊಡ್ಡವನಾಗಿ ತನ್ನ ಗಳಿಕೆ ಎಲ್ಲಿ ಎಂದು ಕೇಳಿದಾಗ, ಅದು ತಾಯಿ ಮತ್ತು ಮಲತಂದೆಯ ಕೈಯಲ್ಲಿ ಕರಗಿಹೋಗಿದ್ದಿತು. ಅವನು ೧೯೩೮ರಲ್ಲಿ ನ್ಯಾಯಾಲಯಕ್ಕೆ ಹೋದುದರ ಫಲವಾಗಿ ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಸಂಪಾದನೆಯ ಒಂದು ಭಾಗವನ್ನು ಕಾದಿಡುವ ಕಾಯಿದೆ ಬಂದಿತು. ಹಣದ ರಕ್ಷಣೆಗೆ ಕಾಯಿದೆ ಸಾಧ್ಯವಾಯಿತು. ಪಾತ್ರಗಳ ವಿಷಯದಲ್ಲಿ ಅಂಥ ರಕ್ಷಣೆ ಯಾರಿಗೂ ಇರಲಿಲ್ಲ. ಆದರೂ ಬಿಳಿಯ ಬಾಲನಟನಿಗೆ ಒಂದು ಸಾಧ್ಯತೆಯಾದರೂ ಇದ್ದಿತು: ಮಿಕ್ಕಿ ರೂನಿಯಂತೆ ಮೀಸೆ ಬಂದ ಮೇಲೂ ಮನೆಯ ಮಗನಾಗಿ, ಸೈನಿಕನಾಗಿ, ಗಂಡನಾಗಿ ಅವನು ತೆರೆಯ ಮೇಲೆ ನಿಲ್ಲಬಹುದಾಗಿದ್ದಿತು. ಸಾಬುವಿಗೆ ದೊರೆತದ್ದು ಯೂನಿವರ್ಸಲ್ ಸಂಸ್ಥೆಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಎಂಬ ೧೯೪೨ರಿಂದ ೧೯೪೪ರ ವರೆಗಿನ ಬಣ್ಣಬಣ್ಣದ ಚಿತ್ರಗಳು. ನಾಯಕ ಜಾನ್ ಹಾಲ್, ನಾಯಿಕೆ ಮರಿಯಾ ಮೊಂಟೆಜ್; ಸಾಬು ನಾಯಕನ ಹಿಂದೆ ಓಡಾಡುವ ಗೆಳೆಯ. ಇಪ್ಪತ್ತು ವರ್ಷದವನಾದರೂ ಹುಡುಗನೇ.

ಇಲ್ಲಿ ನಮ್ಮ ಕರಾವಳಿಯ ಯಕ್ಷಗಾನ ಮೇಳಗಳ ಪದ್ಧತಿಯನ್ನು ಹೋಲಿಕೆಗಾಗಿ ಎತ್ತಿಕೊಳ್ಳಬಹುದು. ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಿದ್ದನು, ಕಾಲು ಗಟ್ಟಿಯಾದ ಮೇಲೆ ಬಾಲಗೋಪಾಲ, ಆಮೇಲೆ ಪ್ರಹ್ಲಾದ, ಲೋಹಿತಾಶ್ವರಂಥ ಮಕ್ಕಳ ಪಾತ್ರ, ಶರೀರ ಶಾರೀರಗಳಿಗೆ ತಕ್ಕಂತೆ ಸ್ತ್ರೀವೇಷ ಅಥವಾ ಅಭಿಮನ್ಯು, ಬಭ್ರುವಾಹನರಂಥ ಪುಂಡುವೇಷ, ಕೊನೆಗೆ ರಾಜವೇಷ. ಮೇಳದಲ್ಲಿ ಸಂಬಳ ಅಲ್ಪ, ಕಷ್ಟ ಅಧಿಕ, ಜಾತಿಯ ಕಟ್ಟುಕಟ್ಟಳೆಗಳೂ ಇದ್ದುವೆಂಬುದನ್ನು ಮರೆಮಾಚಬೇಕಾಗಿಲ್ಲ. ಈಚೆಗೆ ಕಾಲಮಿತಿಯ ಆಟಗಳಲ್ಲಿ ಪೂರ್ವರಂಗವೂ ಮೊಟಕಾಗಿದೆ. ಆದರೆ ಅಲ್ಲಿ ಒಂದು ಏಣಿಯಿದ್ದಿತು. ಬಾಲಕನು ಪ್ರಾಯಸ್ಥನಾಗುವನೆಂಬ ತಿಳಿವಳಿಕೆಯ ಮೇಲೆಯೇ ಆ ಕಲೆಯ ವ್ಯವಸ್ಥೆ ನಿಂತಿದ್ದಿತು. ಇಂದಿಗೂ ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಕಲಿಯುವ ಹುಡುಗನೊಬ್ಬನನ್ನು ನೋಡಿದರೆ, ಇವನು ಮುಂದೆ ಯಾವ ವೇಷಕ್ಕೆ ಒಪ್ಪುವನು ಎಂಬುದೇ ಹಿರಿಯರು ಮೊದಲು ಆಡುವ ಮಾತು. ಸಾಬುವನ್ನು ನೋಡಿ ಲಂಡನ್ನಿನಲ್ಲಾಗಲಿ ಹಾಲಿವುಡ್ಡಿನಲ್ಲಾಗಲಿ ಈ ಮಾತನ್ನು ಯಾರಾದರೂ ಆಡಿದ್ದರೆ, ಅವನಿಗಾಗಿ ಬರೆದ ಪಾತ್ರಗಳಲ್ಲಿ ಅದರ ಕುರುಹು ಸಿಕ್ಕುತ್ತಿದ್ದಿತು.

ತೆರೆಯ ಮೇಲೆ ದೊರೆಯದ ಪ್ರಾಯ ಯುದ್ಧರಂಗದಲ್ಲಿ ದೊರೆಯಿತು. ೧೯೪೪ರ ಜನವರಿ ೪ರಂದು ಸಾಬು ಅಮೆರಿಕಾದ ಪ್ರಜೆಯಾದನು. ಭಾರತೀಯರಿಗೆ ಆ ದೇಶದ ಪೌರತ್ವ ಸಲ್ಲದೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯ ೧೯೨೩ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿದ್ದಿತು. ಆ ಬಾಗಿಲು ಸಾಮಾನ್ಯವಾಗಿ ತೆರೆದದ್ದು ೧೯೪೬ರ ಲೂಸ್–ಸೆಲ್ಲರ್ ಕಾಯಿದೆಯಿಂದ. ಅದಕ್ಕೆ ಎರಡು ವರ್ಷ ಮೊದಲೇ ಪ್ರಜೆಯಾದ ಸಾಬು, ಅಮೆರಿಕಾದ ವಾಯುಸೇನೆಯಲ್ಲಿ ಬಿ-೨೪ ಬಾಂಬರ್ ವಿಮಾನದ ಫಿರಂಗಿಗಾರನಾಗಿ ಪೆಸಿಫಿಕ್ ರಣರಂಗದಲ್ಲಿ ಹತ್ತಾರು ಹಾರಾಟಗಳನ್ನು ನಡೆಸಿ, ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಎಂಬ ಶೌರ್ಯಪದಕವನ್ನು ಪಡೆದನು. ಮಾವುತರ ಮನೆತನಕ್ಕೆ ಅಪಾಯದ ಸಮೀಪದಲ್ಲಿ ಕುಳಿತು ಕೆಲಸಮಾಡುವುದು ಹೊಸದಲ್ಲ.

ಯುದ್ಧದಿಂದ ಮರಳಿದವನಿಗೆ ೧೯೪೭ರಲ್ಲಿ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ಒಂದು ಒಳ್ಳೆಯ ಪಾತ್ರ ದೊರೆಯಿತು. ಹಿಮಾಲಯದ ತಪ್ಪಲಿನ ಕ್ರೈಸ್ತ ಸಂನ್ಯಾಸಿನಿಯರ ಮಠಕ್ಕೆ ವಿದ್ಯೆ ಕಲಿಯಲು ಬರುವ, ಒಡವೆ ಸುಗಂಧಗಳ ಮೋಹವುಳ್ಳ ಯುವರಾಜ. ಅವನು ಮರುಳಾಗುವ ಹಳ್ಳಿಯ ಹುಡುಗಿಯಾಗಿ ಬಂದವಳು ಕಂದುಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್! ಹತ್ತು ವರ್ಷಗಳಲ್ಲಿ ಅಲಿಖಿತ ನಿಯಮ ಕದಲಿರಲಿಲ್ಲ. ಚಿತ್ರವಂತೂ ಉತ್ಕೃಷ್ಟವಾದದ್ದು, ಸಾಬುವಿನ ಪ್ರೌಢ ಅಭಿನಯವನ್ನು ನೋಡಬಯಸುವವರಿಗೆ ಇದೇ ತಕ್ಕ ಚಿತ್ರ. ಅನಂತರದವು ‘ಮ್ಯಾನ್-ಈಟರ್ ಆಫ್ ಕುಮಾವೋನ್’, ‘ಸಾಂಗ್ ಆಫ್ ಇಂಡಿಯಾ’ ಮೊದಲಾದ ಸಾಮಾನ್ಯ ಚಿತ್ರಗಳು. ೧೯೪೮ರಲ್ಲಿ ಮರಿಲಿನ್ ಕೂಪರ್ ಎಂಬ ನಟಿಯೊಡನೆ ವಿವಾಹವಾಗಿ ಎರಡು ಮಕ್ಕಳಾದುವು. ೧೯೫೦ರ ದಶಕದಲ್ಲಿ ಅವನು ಇಂಗ್ಲೆಂಡಿನಲ್ಲಿ ಸರ್ಕಸ್ಸಿನ ಆನೆಗಳೊಡನೆ ಕಾಣಿಸಿಕೊಂಡದ್ದೂ ಉಂಟು.

ತಾಯ್ನಾಡಿಗೆ ಮರಳುವ ಒಂದು ಅವಕಾಶವೂ ಒದಗಿಬಂದಿತು. ಮೆಹಬೂಬ್ ಖಾನರು ‘ಮದರ್ ಇಂಡಿಯಾ’ ಚಿತ್ರವನ್ನು ಯೋಜಿಸಿದಾಗ ತಾಯಿಯ ವಿರುದ್ಧ ಸಿಡಿದೇಳುವ ಮಗ ಬಿರಜುವಿನ ಪಾತ್ರಕ್ಕೆ ಮೊದಲು ಆರಿಸಿದ್ದು ಸಾಬುವನ್ನು. ಅವನು ಮುಂಬಯಿಗೆ ಬಂದು ಕಾದನು. ಅಮೆರಿಕಾದ ಪ್ರಜೆಯಾಗಿ ಇಲ್ಲಿ ಕೆಲಸಮಾಡಲು ಬೇಕಾದ ಪರವಾನಗಿ ದೊರೆಯಲಿಲ್ಲ. ಪಾತ್ರ ಸುನೀಲ್ ದತ್ತರಿಗೆ ಹೋಯಿತು. ೧೯೫೭ರಲ್ಲಿ ಬಂದ ಆ ಚಿತ್ರ ಭಾರತೀಯ ಚಿತ್ರಚರಿತ್ರೆಯ ಮೈಲಿಗಲ್ಲಾಯಿತು. ಸಿಟ್ಟು, ಪ್ರೇಮ, ದುರಂತ ಮೂರೂ ಉಳ್ಳ ಪ್ರಾಯಸ್ಥನ ಪಾತ್ರ ಸಾಬುವಿನ ಕೈಗೆ ಬಂದದ್ದು ಇದೊಂದೇ ಸಲ, ಅದೂ ಕಾಗದದ ಮೇಲೆ. ಭಾರತೀಯ ಭಾಷೆಯ ಯಾವ ಚಿತ್ರದಲ್ಲಿಯೂ ಅವನು ನಟಿಸಲಿಲ್ಲ.

ಹಾಲಿವುಡ್ಡಿನ ಬೀದಿಯಲ್ಲಿ ತಾರೆಯರ ಹೆಸರುಗಳನ್ನು ಕೆತ್ತುವ ಪದ್ಧತಿ ಆರಂಭವಾದ ೧೯೬೦ರಲ್ಲಿಯೇ ಸಾಬುವಿನ ಹೆಸರಿಗೂ ಒಂದು ನಕ್ಷತ್ರ ಸಂದಿತು. ಮೂರು ವರ್ಷದ ಮೇಲೆ ಹೃದಯಾಘಾತದಿಂದ ಅವನು ತೀರಿಕೊಂಡಾಗ ವಯಸ್ಸು ಕೇವಲ ಮೂವತ್ತೊಂಬತ್ತು. ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ಎಂಬ ಅವನ ಕೊನೆಯ ಚಿತ್ರ ೧೯೬೪ರಲ್ಲಿ ತೆರೆಕಂಡಿತು. ಅದರಲ್ಲಿ ಅವನ ಪಾತ್ರ ಪ್ರಾಣಿಗಳನ್ನು ನೋಡಿಕೊಳ್ಳುವವನದು.

ಇನ್ನು ಮರೆವಿನ ವಿಚಾರ. ಬ್ರಿಟನ್ನಿನ ಚಿತ್ರಚರಿತ್ರೆಯಲ್ಲಿ ಅವನು ಕೋರ್ಡಾನ ಶೋಧಗಳಲ್ಲಿ ಒಬ್ಬ. ಅಮೆರಿಕಾದ ಚರಿತ್ರೆಯಲ್ಲಿ ಪೌರಸ್ತ್ಯ ವೈಭವದ ಚಿತ್ರಗಳ ಒಂದು ಅಲಂಕಾರ. ಭಾರತದ ಚರಿತ್ರೆಯಲ್ಲಿ, ಇಲ್ಲಿ ಚಿತ್ರವನ್ನೇ ಮಾಡದುದರಿಂದ, ಒಂದು ಅಡಿಟಿಪ್ಪಣಿ. ಕನ್ನಡದ ಚರಿತ್ರೆಗೋ ಭಾಷೆಯೇ ಬೇಲಿ. ಮೈಸೂರಿನಲ್ಲಿಯಾದರೂ ಅವನ ನೆನಪಿದೆಯೇ ಎಂದರೆ, ಒಂದು ಬಗೆಯಲ್ಲಿ ಇದೆ. ದಸರಾ ಬಂದಾಗ ಪತ್ರಿಕೆಗಳಲ್ಲಿ ಅಂಬಾರಿ ಹೊತ್ತ ಹಿಂದಿನ ಆನೆಗಳ ಪಟ್ಟಿ ಬರುತ್ತದೆ; ಅದರಲ್ಲಿ ಐರಾವತದ ಹೆಸರು ಬಂದಾಗ, ಇಂಗ್ಲಿಷ್ ಚಿತ್ರದಲ್ಲಿ ನಟಿಸಿದ ಆನೆ ಎಂಬ ವಿವರಣೆಯೊಡನೆ ಅದರ ಹುಡುಗನ ಹೆಸರೂ ಕೆಲವೊಮ್ಮೆ ಬರುವುದುಂಟು. ಆನೆಯ ನೆನಪಿನ ಬೆನ್ನೇರಿ ಮಾವುತನ ನೆನಪು! ಇದನ್ನು ನಾವು ಕೊಂಕಿನಿಂದ ಹೇಳುತ್ತಿಲ್ಲ. ಅರಮನೆಯ ಚರಿತ್ರೆಯಲ್ಲಿ ಚಾಕರಿಯವರು ಉಳಿದುಬರುವುದು ಬಹುಮಟ್ಟಿಗೆ ಹೀಗೆಯೇ.

ಇತಿಹಾಸದ ಅಧ್ಯಾಪಕರಿಗೆ ಇದರಿಂದ ಒಂದು ಪ್ರಯೋಜನವುಂಟು. ೧೯೭೧ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಪೂರ್ತಿಯಾಗಿ, ಹಳೆಯ ಕಾಡಿನ ಒಂದು ಭಾಗ ಹಿನ್ನೀರಿನಲ್ಲಿ ಮುಳುಗಿತು. ಇಂದಿನ ಕಾರಾಪುರ ಆ ಹಿನ್ನೀರಿನ ದಡದ, ವನ್ಯಮೃಗಗಳನ್ನು ನೋಡಲು ಪ್ರವಾಸಿಗರು ಬಂದಿಳಿಯುವ ಊರು. ಹೀಗಿರುವಲ್ಲಿ ಫ್ಲಾಹರ್ಟಿ ೧೯೩೫-೩೬ರಲ್ಲಿ ಸೆರೆಹಿಡಿದ ದೃಶ್ಯಗಳು, ಕಥೆಯ ಕಲ್ಪನೆ ಏನೇ ಇರಲಿ, ಮೈಸೂರಿನ ಮಾವುತರ ಕೆಲಸವನ್ನು ಅದು ನಡೆಯುತ್ತಿದ್ದ ಕಾಲದಲ್ಲಿಯೇ ತೋರಿಸುವ ದಾಖಲೆಗಳು. ಸರಕಾರಿ ವರದಿಯಲ್ಲಿ ಹಿಡಿದ ಆನೆಗಳ ಸಂಖ್ಯೆ ಇರುತ್ತದೆ. ಹಿಡಿದವನ ಕಾಲ್ಬೆರಳು ಇರುವುದಿಲ್ಲ. ಡೆನ್ಹಮ್‌ನಲ್ಲಿ ತೆಗೆದ ಭಾಗಗಳನ್ನೂ ಮೈಸೂರಿನಲ್ಲಿ ತೆಗೆದ ಭಾಗಗಳನ್ನೂ ಬೇರ್ಪಡಿಸಿ ನೋಡುವುದನ್ನು ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಡಬಹುದು: ಯಾರ ಮುಖದ ಮೇಲೆ ಬಣ್ಣವಿದೆ, ನೆರಳು ಸೂರ್ಯನದೋ ದೀಪದ್ದೋ, ಹಿನ್ನೆಲೆಯ ಜನ ಕ್ಯಾಮೆರಾವನ್ನು ಮರೆತು ಕೆಲಸಮಾಡುತ್ತಿದ್ದಾರೋ ಇಲ್ಲವೋ. ಲಿಖಿತ ಆಧಾರಗಳನ್ನು ಪರೀಕ್ಷಿಸಲು ನಾವು ಕಲಿಸುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

೧೯೪೨ರ ‘ಜಂಗಲ್ ಬುಕ್’ ಅಮೆರಿಕಾದಲ್ಲಿ ಹಕ್ಕುಸ್ವಾಮ್ಯದ ಕಟ್ಟಿನಿಂದ ಹೊರಬಂದಿರುವುದರಿಂದ ಅದನ್ನು ದೊರಕಿಸಿಕೊಳ್ಳುವುದು ಸುಲಭ. ನಮ್ಮ ಸಲಹೆಯೆಂದರೆ ಅದಕ್ಕಿಂತ ಮೊದಲು ‘ಎಲಿಫೆಂಟ್ ಬಾಯ್’ ಚಿತ್ರವನ್ನು ತೋರಿಸಬೇಕು. ಅದರಲ್ಲಿಯೂ ಸಾಬು ಆನೆಯೊಡನೆ ಒಬ್ಬನೇ ಇರುವ ಭಾಗಗಳನ್ನು. ಅಲ್ಲಿ ಅವನಿಗೆ ಮಾತು ಕಡಿಮೆ. ಹನ್ನೊಂದು ವರ್ಷದ ಆ ಮಗು ಅಲ್ಲಿ ಮಾಡುತ್ತಿರುವುದು ತಂದೆಯಿಂದ ಕಲಿತ ಕೆಲಸವನ್ನು.